ಸಾವಿರದ ಒಂದನೇ ಫ್ರೇಮು

ನಮ್ಮ ಕೆಲಸದಲ್ಲಿ ಎಣಿಕೆ ಒಂದರಿಂದ ಶುರುವಾಗುವುದಿಲ್ಲ. ಸಾವಿರದ ಒಂದರಿಂದ ಶುರುವಾಗುತ್ತದೆ. ಸಿನಿಮಾದ ಒಂದು ಶಾಟು ಗ್ರಾಫಿಕ್ಸ್ ಕೆಲಸಕ್ಕೆಂದು ಬೆಂಗಳೂರಿನ ಸ್ಟುಡಿಯೋಗೆ ಬಂತು ಅಂದರೆ ಅದರ ಮೊದಲ ಚಿತ್ರದ ನಂಬರು ಬಹುಮಟ್ಟಿಗೆ 1001. ಯಾಕೆ ಹೀಗೆ ಅಂತ ಸೇರಿದ ಹೊಸದರಲ್ಲಿ ಕೇಳಿದೆ. "ಅದು ಹಾಗೇ, ಸ್ಟ್ಯಾಂಡರ್ಡು" ಅಂದರು. ನಮ್ಮ ಜನ ತಲೆತಲಾಂತರದಿಂದ ಕೇಳಿಸಿಕೊಂಡು ಬಂದ ಉತ್ತರ ಇದು. ಅದು ಹಾಗೇ.

ಆಮೇಲೆ ನಾನೇ ಹುಡುಕಿ ತಿಳಿದುಕೊಂಡೆ. ಶಾಟನ್ನು ನಾಳೆ ಮುಂಭಾಗದಲ್ಲಿ ಉದ್ದ ಮಾಡಬೇಕಾದರೆ ಹಿಂದಕ್ಕೆ ಸರಿಯೋಕೆ ಜಾಗ ಬೇಕು. ಒಂದರಿಂದ ಶುರು ಮಾಡಿದರೆ ಸೊನ್ನೆಗಿಂತ ಕೆಳಗೆ ಇಳಿಯಬೇಕಾಗುತ್ತೆ. 1001ರಿಂದ ಶುರು ಮಾಡಿದರೆ 993ಕ್ಕೋ 985ಕ್ಕೋ ಆರಾಮವಾಗಿ ಹೋಗಬಹುದು. ಇನ್ನೊಂದು, 1, 2, 10 ಅಂತ ಹೆಸರಿಟ್ಟರೆ ಎಷ್ಟೋ ಕಡೆ ಕಂಪ್ಯೂಟರು 1 ಆದಮೇಲೆ 10 ಇಟ್ಟು, ಆಮೇಲೆ 2 ಇಡುತ್ತದೆ. ನಾಲ್ಕಂಕಿ ಇದ್ದರೆ ಸಾಲು ಕೆಡುವುದಿಲ್ಲ. ಇಷ್ಟೇ. ಕಾರಣ ಇತ್ತು. ಹೇಳೋಕೆ ಯಾರಿಗೂ ಮನಸ್ಸಿರಲಿಲ್ಲ.

ನಾನು ಕವಿತೆ ಬರೆಯೋನು. ನಮ್ಮ ಮನೆಯಲ್ಲಿ ಡಿಗ್ರಿ ಅಂತ ಮುಗಿಸಿದವರಲ್ಲಿ ನಾನೇ ಮೊದಲಿಗ. ಹೊಟ್ಟೆಪಾಡಿಗೆ ಮಾಡೋದು ಈ ಕೆಲಸ. ಒಬ್ಬರು ಹಿಡಿದ ಚಿತ್ರದ ಮೇಲೆ ಇನ್ನೊಬ್ಬರು ಹಿಡಿದ ಬೆಂಕಿ, ಹೊಗೆ, ಮಳೆ ಕೂರಿಸಿ, ಎಲ್ಲವೂ ಒಂದೇ ಕಡೆ ಒಂದೇ ಹೊತ್ತಿನಲ್ಲಿ ನಡೆದದ್ದು ಅನ್ನೋ ಹಾಗೆ ಮಾಡೋದು. ಇದಕ್ಕೆ ಕಂಪೋಸಿಟಿಂಗ್ ಅಂತಾರೆ. ಅಮ್ಮ ಒಂದು ಸಲ ಕೇಳಿದಳು: "ಏನಪ್ಪಾ ಕೆಲ್ಸ ನಿಂದು? ಫೋನಲ್ಲಿ ಯಾವಾಗ್ಲೂ ಆ ನೋಡ್ ಈ ನೋಡ್ ಅಂತಿರ್ತೀಯ. ಏನ್ ನೋಡ್ಬೇಕು ಅವ್ರು?" ನನಗೆ ನಗು ಬಂತು. ಉತ್ತರ ಹೇಳೋಕೆ ಬರಲಿಲ್ಲ. ಕನ್ನಡದಲ್ಲಿ ಅದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಇಂಥ ಪತ್ರಿಕೆಯಲ್ಲಿ ಇದನ್ನೆಲ್ಲ ಯಾಕೆ ಬರೀತೀಯ ಅಂತ ಗೆಳೆಯರು ಕೇಳಬಹುದು. ಈ ಸ್ಟುಡಿಯೋಗಳ ಕೆಳಗಿನ ಮೆಟ್ಟಿಲಲ್ಲಿ ಕೂತು ರಾತ್ರಿ ಪಾಳಿ ಮಾಡೋರಲ್ಲಿ ನಮ್ಮ ಹಳ್ಳಿಗಳ ಹುಡುಗ ಹುಡುಗಿಯರಿದ್ದಾರೆ. ಕನ್ನಡ ಮೀಡಿಯಮ್ಮಿನಲ್ಲಿ ಓದಿ ಬಂದವರು. ಅವರಿಗೆ ಕೆಲಸ ಕೊಡುತ್ತಾರೆ, ಕೆಲಸದ ಲೆಕ್ಕ ಕೊಡುವುದಿಲ್ಲ. ಆ ಲೆಕ್ಕವನ್ನು ಇಲ್ಲಿ ಬರೆದಿಡುತ್ತೇನೆ.

ಮೊದಲು ನೋಡ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಸಿನಿಮಾ ಅಂದರೆ ಒಂದು ಸೆಕೆಂಡಿಗೆ 24 ಸ್ಥಿರಚಿತ್ರ. ಒಂದೊಂದು ಚಿತ್ರವೂ ಒಂದು ಫ್ರೇಮು. ಒಂದೊಂದಕ್ಕೂ ಒಂದು ನಂಬರು. ಅಂಥ ಚಿತ್ರಗಳ ಸಾಲು ಒಂದು ಕ್ಲಿಪ್ಪು. ನ್ಯೂಕ್ ಅನ್ನೋ ಸಾಫ್ಟ್‌ವೇರಿನಲ್ಲಿ ಒಂದೊಂದು ಕೆಲಸಕ್ಕೂ ಒಂದು ಸಣ್ಣ ಡಬ್ಬಿ ಇರುತ್ತದೆ. ಕ್ಲಿಪ್ ಓದೋದು ಒಂದು ಡಬ್ಬಿ, ಬಣ್ಣ ತಿದ್ದೋದು ಒಂದು, ಎರಡು ಚಿತ್ರ ಕೂಡಿಸೋದು ಒಂದು. ಈ ಡಬ್ಬಿಯೇ ನೋಡ್. ಡಬ್ಬಿಯಿಂದ ಡಬ್ಬಿಗೆ ತಂತಿ ಎಳೆಯುತ್ತೇವೆ. ಚಿತ್ರ ಮೇಲಿನಿಂದ ಕೆಳಕ್ಕೆ, ಕೆರೆ ತೂಬಿನಿಂದ ನೀರು ಕಾಲುವೆಗಿಳಿದ ಹಾಗೆ, ಇಳಿದು ಬರುತ್ತದೆ. ಮೇಲೆ ಮಾಡಿದ ಬದಲಾವಣೆ ಕೆಳಗಿನವರಿಗೆಲ್ಲ ತಟ್ಟುತ್ತದೆ. ಅಮೆರಿಕದ ಡಿಜಿಟಲ್ ಡೊಮೈನ್ ಅನ್ನೋ ಸ್ಟುಡಿಯೋ 1993ರ ಹೊತ್ತಿಗೆ ತನ್ನ ಕೆಲಸಕ್ಕೆ ಅಂತ ಕಟ್ಟಿಕೊಂಡ ಸಾಫ್ಟ್‌ವೇರು ಇದು. 2007ರಲ್ಲಿ ಲಂಡನ್ನಿನ ಫೌಂಡ್ರಿ ಕಂಪನಿ ಕೈಗೆ ಬಂತು. ಈಗ ದೊಡ್ಡ ಸಿನಿಮಾಗಳ ಕಂಪೋಸಿಟಿಂಗ್ ಹೆಚ್ಚಾಗಿ ನಡೆಯೋದು ಇದರಲ್ಲೇ.

ಈಗ ಕಷ್ಟ ಎಲ್ಲಿ ಬರುತ್ತದೆ ನೋಡಿ. ಕ್ಯಾಮೆರಾದವರು ಹಿಡಿದ ಶಾಟಿಗೆ ಸ್ಟುಡಿಯೋದವರು 1001ರಿಂದ 1120ರವರೆಗೆ ನಂಬರು ಹಾಕಿದ್ದಾರೆ. 1120ರಲ್ಲಿ 1001 ಕಳೆದರೆ 119. ಆದರೆ ಚಿತ್ರಗಳು 120. ಎರಡು ತುದಿಯನ್ನೂ ಎಣಿಸಬೇಕು, ಆದ್ದರಿಂದ ಒಂದು ಸೇರಿಸಬೇಕು. ಮೇಷ್ಟ್ರುಗಳಿಗೆ ಇದು ಗೊತ್ತು. ಸೋಮವಾರದಿಂದ ಶುಕ್ರವಾರಕ್ಕೆ ಐದು ದಿನ, ನಾಲ್ಕಲ್ಲ. 120 ಫ್ರೇಮು ಅಂದರೆ ಸರಿಯಾಗಿ ಐದು ಸೆಕೆಂಡು. ಇದಕ್ಕೆ ಕೂಡಿಸಬೇಕಾದ ಬೆಂಕಿಯನ್ನು ಬೇರೆ ಯಾರೋ ಬೇರೆ ಎಲ್ಲೋ ಕಪ್ಪು ಪರದೆ ಮುಂದೆ ಹಿಡಿದದ್ದು. ಅದರ ನಂಬರು 1ರಿಂದ 240. ಇನ್ನೊಂದು ಕ್ಲಿಪ್ಪು ನೇರ ಕ್ಯಾಮೆರಾದಿಂದ ಬಂದದ್ದು. ಕ್ಯಾಮೆರಾದ ಗಡಿಯಾರದಲ್ಲಿ ಸರಿಯಾಗಿ ಒಂದು ಗಂಟೆ ಅಂತಿದ್ದರೆ ಅದರ ಮೊದಲ ಫ್ರೇಮು 86400. ಅರವತ್ತು ನಿಮಿಷ, ಅರವತ್ತು ಸೆಕೆಂಡು, ಇಪ್ಪತ್ತನಾಲ್ಕು ಚಿತ್ರ ಗುಣಿಸಿ ನೋಡಿ. ಒಂದು ಒಂದರಲ್ಲಿ ಹುಟ್ಟಿದ್ದು, ಒಂದು ಸಾವಿರದ ಒಂದರಲ್ಲಿ, ಇನ್ನೊಂದು ಎಂಬತ್ತಾರು ಸಾವಿರದಲ್ಲಿ. ಮೂರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಬೇಕು.

ಹೊಸಬರಿಗೆ ಹೇಳಿಕೊಡೋದು ಸುಲಭದ ದಾರಿ. ಕ್ಲಿಪ್ ಓದುವ ನೋಡಿನಲ್ಲಿ 'ಸ್ಟಾರ್ಟ್ ಅಟ್' ಅಂತ ಒಂದು ಖಾನೆ ಇದೆ. ಅಲ್ಲಿ 1001 ಅಂತ ಹಾಕು, ಮುಗೀತು. ಒಂದರಿಂದ ಶುರುವಾಗಿದ್ದು ಸಾವಿರದ ಒಂದಕ್ಕೆ ಬಂದು ಕೂತಿತು. ಎಲ್ಲರ ಮೊದಲ ಫ್ರೇಮೂ ಒಂದೇ ಗೆರೆಯಲ್ಲಿ. ಸಮಾನತೆ ಬಂತು! ಪರದೆ ಮೇಲೆ ಓಡಿಸಿ ನೋಡಿದರೆ ಎಲ್ಲ ಸುಳ್ಳು.

ಯಾಕೆ ಸುಳ್ಳು? ಶಾಟಿನಲ್ಲಿ ಒಬ್ಬ ಹುಲ್ಲಿನ ಮೆದೆಗೆ ಪಂಜು ಎಸೀತಾನೆ ಅಂತ ಇಟ್ಟುಕೊಳ್ಳಿ. ಪಂಜು ಮೆದೆಗೆ ತಾಗೋದು 1043ನೇ ಫ್ರೇಮಿನಲ್ಲಿ. ಬೆಂಕಿಯ ಕ್ಲಿಪ್ಪಿನಲ್ಲಿ ಮೊದಲ ಹದಿನಾರು ಫ್ರೇಮು ಏನೂ ಇಲ್ಲ. ಬೆಂಕಿ ಹೊತ್ತೋದು 17ರಲ್ಲಿ. ಮೊದಲ ಫ್ರೇಮುಗಳನ್ನು ಮಾತ್ರ ಕೂಡಿಸಿದರೆ, ಅಂದರೆ ಬೆಂಕಿಯನ್ನು ಸಾವಿರ ಫ್ರೇಮು ಮುಂದಕ್ಕೆ ಸರಿಸಿದರೆ, ಅದು 1017ರಲ್ಲಿ ಹೊತ್ತಿಕೊಳ್ಳುತ್ತದೆ. ಪಂಜು ತಾಗೋಕೆ ಇನ್ನೂ 26 ಫ್ರೇಮು ಬಾಕಿ. ಒಂದು ಸೆಕೆಂಡಿಗಿಂತ ಜಾಸ್ತಿ. ಪಂಜು ಇನ್ನೂ ಅವನ ಕೈಯಲ್ಲಿದೆ, ಮೆದೆ ಆಗಲೇ ಉರೀತಾ ಇದೆ. ಹಾಗಾದರೆ ಹಚ್ಚಿದವರು ಯಾರು? ಪಂಜು ಹಿಡಿದವನು ನಿರಪರಾಧಿ ಆಗಿಬಿಟ್ಟ!

ಒಂದು ಸೆಕೆಂಡಿನ ಅಂತರ ಅಪರಾಧಿಯನ್ನೇ ಬದಲಾಯಿಸುತ್ತೆ. ಆದ್ದರಿಂದ ಕೂಡಿಸಬೇಕಾದ್ದು ಎರಡು ಶುರುವನ್ನಲ್ಲ, ಎರಡು ಸಂಗತಿಯನ್ನು. ಪಂಜು ತಾಗಿದ ಫ್ರೇಮು, ಬೆಂಕಿ ಹೊತ್ತಿದ ಫ್ರೇಮು. 1043ರಲ್ಲಿ 17 ಕಳೆದರೆ 1026. ಟೈಮ್‌ಆಫ್‌ಸೆಟ್ ಅನ್ನೋ ನೋಡನ್ನು ಬೆಂಕಿಯ ಕೆಳಗೆ ಹಾಕಿ 1026 ಅಂತ ಬರೆದರೆ ಬೆಂಕಿಯ ಒಂದನೇ ಫ್ರೇಮು 1027ಕ್ಕೆ ಬರುತ್ತೆ, ಹದಿನೇಳನೆಯದು ಸರಿಯಾಗಿ 1043ಕ್ಕೆ. ಗಡಿಯಾರದ ನಂಬರಿನ ಕ್ಲಿಪ್ಪಿನ ಮೊದಲ ಫ್ರೇಮನ್ನೇ 1001ಕ್ಕೆ ತರಬೇಕಿದ್ದರೂ ಲೆಕ್ಕ ಇದೇ. 1001ರಲ್ಲಿ 86400 ಕಳೆದರೆ ಮೈನಸ್ 85399. ಮೈನಸ್ ಬಂದರೆ ಹೆದರಬೇಕಾಗಿಲ್ಲ. ಹಿಂದಕ್ಕೆ ಸರಿಸು ಅಂತ ಅದರ ಅರ್ಥ. ಇಷ್ಟಕ್ಕೆ ಇಂಗ್ಲಿಷು ಬೇಕಾಗಿಲ್ಲ. ಕಳೆಯೋ ಲೆಕ್ಕ ಬೇಕು, ಮತ್ತೆ ಎಲ್ಲಿ ತಾಗಿತು ಅಂತ ನೋಡೋ ಕಣ್ಣು ಬೇಕು.

ಈ ಲೆಕ್ಕ ನಮ್ಮ ತಾತನಿಗೆ ಗೊತ್ತಿತ್ತು. ಅವನು ಊರಿನ ನೀರುಗಂಟಿ. ಕೆರೆಯ ತೂಬು ಎತ್ತೋದು ಇಳಿಸೋದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹಂಚೋದು ಅವನ ಕೆಲಸ. ಕೋಲಾರದ ನಮ್ಮ ಕಡೆ ಈ ಕೆಲಸ ನಮ್ಮ ಕೇರಿಯವರದ್ದೇ ಆಗಿತ್ತು. ನೀರು ಹಂಚೋನಿಗೆ ಗದ್ದೆ ಇರಲಿಲ್ಲ, ಆ ಮಾತು ಬೇರೆ. ಕೊನೇ ಗದ್ದೆಗೆ ಹೊತ್ತು ಹುಟ್ಟೋ ಹೊತ್ತಿಗೆ ನೀರು ಬೇಕು ಅಂದರೆ ಅವನು ಹೊತ್ತು ಹುಟ್ಟಿದಾಗ ತೂಬು ಎತ್ತುತ್ತಿರಲಿಲ್ಲ. ನೀರು ಅಲ್ಲಿಗೆ ನಡೆಯೋಕೆ ಎಷ್ಟು ಹೊತ್ತು ಬೇಕೋ ಅಷ್ಟನ್ನು ಕಳೆದು, ಕತ್ತಲಲ್ಲೇ ಎದ್ದು ಹೋಗಿ ಎತ್ತುತ್ತಿದ್ದ. ಹತ್ತಿರದ ಗದ್ದೆಗೆ ಒಂದು ಲೆಕ್ಕ, ದೂರದ್ದಕ್ಕೆ ಒಂದು ಲೆಕ್ಕ. ನೀರು ಹೊರಟ ಹೊತ್ತನ್ನು ಹಿಡಿದರೆ ಎಲ್ಲರಿಗೂ ಒಂದೇ ಅನ್ನಿಸುತ್ತೆ. ಮುಟ್ಟಿದ ಹೊತ್ತನ್ನು ಹಿಡಿದರೆ ಮಾತ್ರ ನಿಜ ಗೊತ್ತಾಗೋದು. ಅವನಿಗೆ ಓದು ಬರಹ ಇರಲಿಲ್ಲ.

ಸಿನಿಮಾದವರಿಗೂ ಇದು ಕಂಪ್ಯೂಟರಿನಿಂದ ಬಂದ ವಿದ್ಯೆಯಲ್ಲ. ಫ್ರಾನ್ಸಿನ ಜಾರ್ಜ್ ಮೆಲಿಯೆ 1900ರಲ್ಲೇ ಒಂದು ಚಿತ್ರದಲ್ಲಿ ತಾನೊಬ್ಬನೇ ಏಳು ವಾದ್ಯಗಾರರಾಗಿ ಒಟ್ಟಿಗೆ ಕೂತು ನುಡಿಸಿದ. ಅದೇ ಫಿಲ್ಮನ್ನು ಮತ್ತೆ ಮತ್ತೆ ಹಿಂದಕ್ಕೆ ಸುತ್ತಿ, ಎಣಿಸಿ, ಮೇಲೆ ಮೇಲೆ ಚಿತ್ರ ಹಿಡಿಯಬೇಕಿತ್ತು. ನಮ್ಮಲ್ಲಿ 1977ರ 'ಬಭ್ರುವಾಹನ'ದಲ್ಲಿ ರಾಜ್‌ಕುಮಾರ್ ಅರ್ಜುನನೂ ಹೌದು, ಬಭ್ರುವಾಹನನೂ ಹೌದು. ಇಬ್ಬರೂ ಎದುರುಬದುರು ನಿಂತು ಮಾತಿಗೆ ಮಾತು ಕೊಡಬೇಕು. ಅಂದಿನ ದ್ವಿಪಾತ್ರದ ದೃಶ್ಯಗಳಿಗೆ ಇದ್ದ ಒಂದು ದಾರಿ ಅಂದರೆ ಲೆನ್ಸಿನ ಅರ್ಧ ಮುಚ್ಚಿ ಒಂದು ಸಲ ಹಿಡಿಯೋದು, ಫಿಲ್ಮು ಹಿಂದಕ್ಕೆ ಸುತ್ತಿ ಉಳಿದರ್ಧದಲ್ಲಿ ಇನ್ನೊಂದು ಸಲ ಹಿಡಿಯೋದು. ಸುತ್ತಿನ ಲೆಕ್ಕ ತಪ್ಪಿದರೆ ಅಪ್ಪ ಕೇಳೋದಕ್ಕೆ ಮೊದಲೇ ಮಗ ಉತ್ತರ ಹೇಳಿಬಿಡುತ್ತಾನೆ. ಕೈಯಲ್ಲಿ ಸುತ್ತಿದ್ದೇ ಈಗ ಒಂದು ಖಾನೆಯಲ್ಲಿ ಬರೆಯೋ ಅಂಕಿ ಆಗಿದೆ.

ಸರಿಸಿ ಆದಮೇಲೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಬೆಂಕಿ 1027ಕ್ಕೆ ಶುರು. ಶಾಟು 1001ಕ್ಕೇ ಶುರು. ನಡುವಿನ 26 ಫ್ರೇಮಿನಲ್ಲಿ ಬೆಂಕಿಯ ಜಾಗದಲ್ಲಿ ಏನಿರುತ್ತೆ? ಸಾಫ್ಟ್‌ವೇರು ನಾಲ್ಕು ಉತ್ತರ ಇಟ್ಟಿದೆ. 'ಹೋಲ್ಡ್' ಅಂದರೆ ಮೊದಲ ಚಿತ್ರವನ್ನೇ ಹಿಡಿದು ನಿಲ್ಲಿಸು. 'ಲೂಪ್' ಅಂದರೆ ಇದ್ದದ್ದನ್ನೇ ಮತ್ತೆ ಮತ್ತೆ ತಿರುಗಿಸು. 'ಬೌನ್ಸ್' ಅಂದರೆ ಹಿಂದಕ್ಕೂ ಮುಂದಕ್ಕೂ ಓಡಾಡಿಸು. 'ಬ್ಲ್ಯಾಕ್' ಅಂದರೆ ಕಪ್ಪು ಬಿಡು. ನಾವೇನೂ ಹೇಳದಿದ್ದರೆ ಅದು 'ಹೋಲ್ಡ್' ಹಿಡಿಯುತ್ತೆ. ಮೊದಲ ಚಿತ್ರದಲ್ಲಿ ಚೂರು ಹೊಗೆ ಇದ್ದರೂ ಸಾಕು, ಆ ಹೊಗೆ 26 ಫ್ರೇಮು ಗಾಳಿಯಲ್ಲಿ ಕಲ್ಲಿನ ಹಾಗೆ ನಿಂತಿರುತ್ತೆ. ಕೊನೆಯಲ್ಲೂ ಅಷ್ಟೇ. ಅರವತ್ತು ಫ್ರೇಮಿನ ಹೊಗೆಯನ್ನು ನೂರಿಪ್ಪತ್ತು ಫ್ರೇಮಿನ ಶಾಟಿಗೆ ಹಾಕಿದರೆ ಅರ್ಧಕ್ಕೆ ಹೊಗೆ ಹೆಪ್ಪುಗಟ್ಟಿಬಿಡುತ್ತೆ. ಬೆಂಕಿ ಇಲ್ಲದ ಹೊತ್ತಿನಲ್ಲಿ ಬೆಂಕಿ ಇಲ್ಲ ಅಂತಲೇ ತೋರಿಸಬೇಕು. ಅಲ್ಲಿಗೆ 'ಬ್ಲ್ಯಾಕ್' ಹಾಕಬೇಕು. ಇನ್ನು ಕ್ಲಿಪ್ಪಿನ ನಡುವೆ ಒಂದು ಫ್ರೇಮು ಕಳೆದುಹೋಗಿದ್ದರೆ ಅದು ಬೇರೆ ಸಂಗತಿ. ಅಲ್ಲಿ ಪಕ್ಕದ ಫ್ರೇಮು ತಂದು ಮುಚ್ಚುವ ಸೌಕರ್ಯವೂ ಇದೆ. ನನ್ನ ಕೇಳಿದರೆ ತಪ್ಪು ಅಂತ ಕೆಂಪಕ್ಷರದಲ್ಲಿ ಬರೋದೇ ವಾಸಿ. ಶುರುವಾಗದೆ ಇದ್ದದ್ದು ಬೇರೆ, ಇದ್ದು ಕಳೆದದ್ದು ಬೇರೆ. ಎರಡನ್ನೂ ಒಂದೇ ತೇಪೆಯಲ್ಲಿ ಮುಚ್ಚಬಾರದು.

ಸರಿಸೋದರಿಂದ ಸರಿಹೋಗದ್ದೂ ಇದೆ. ಫೋನಿನಲ್ಲಿ ಸೆಕೆಂಡಿಗೆ 30 ಚಿತ್ರದ ಹಾಗೆ ಹಿಡಿದ ಕ್ಲಿಪ್ಪನ್ನು 24ರ ಶಾಟಿಗೆ ಒಂದಕ್ಕೊಂದು ಕೂಡಿಸಿದರೆ, ಎಷ್ಟು ಸರಿಸಿದರೂ ಒಂದೇ ಒಂದು ಫ್ರೇಮಿನಲ್ಲಿ ಮಾತ್ರ ಎರಡೂ ಕೂಡುತ್ತವೆ. ಆಮೇಲೆ ಬಿಟ್ಟುಕೊಳ್ಳುತ್ತಾ ಹೋಗುತ್ತವೆ. ಅಲ್ಲಿ ಒಂದು ಸೆಕೆಂಡಿನಲ್ಲಿ ನಡೆದದ್ದಕ್ಕೆ ಇಲ್ಲಿ ಒಂದೂಕಾಲು ಸೆಕೆಂಡು ಬೇಕು. ಶುರು ಬೇರೆ ಆಗಿರೋದು ಒಂದು ತೊಂದರೆ, ನಡಿಗೆಯೇ ಬೇರೆ ಆಗಿರೋದು ಇನ್ನೊಂದು. ನಡಿಗೆ ಬೇರೆಯಾದರೆ ರೀಟೈಮ್ ಅನ್ನೋ ಬೇರೆ ನೋಡು ಬೇಕು. ಯಾವ ರೋಗ ಅಂತ ಮೊದಲು ಗೊತ್ತಾಗಬೇಕು. ಇಲ್ಲದಿದ್ದರೆ ರಾತ್ರಿಯೆಲ್ಲ ಅಂಕಿ ಬದಲಾಯಿಸುತ್ತಾ ಕೂರಬೇಕಾಗುತ್ತೆ.

ಈಗ ಈ ಬರಹಕ್ಕೆ ನನ್ನನ್ನು ಕೂರಿಸಿದ ಸಂಗತಿ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಸ್ಟುಡಿಯೋದಲ್ಲಿ ನಾವು ಆರು ಜನ ರೋಟೊ ಮಾಡುತ್ತಿದ್ದೆವು. ರೋಟೊ ಅಂದರೆ ಒಂದೊಂದೇ ಫ್ರೇಮಿನಲ್ಲಿ ಮನುಷ್ಯನ ಆಕಾರದ ಸುತ್ತ ಗೆರೆ ಎಳೆದು ಹಿನ್ನೆಲೆಯಿಂದ ಬೇರೆ ಮಾಡೋದು. ಕೈ, ಬೆರಳು, ಕೂದಲು, ಸೆರಗು, ಎಲ್ಲ. ಮ್ಯಾಕ್ಸ್ ಫ್ಲೈಷರ್ ಅನ್ನೋನು ಅಮೆರಿಕದಲ್ಲಿ 1917ರಲ್ಲಿ ಪೇಟೆಂಟು ಪಡೆದ ವಿದ್ಯೆಯ ಮೊಮ್ಮಗು ಇದು. ಲಂಡನ್ನು, ಲಾಸ್ ಏಂಜಲೀಸಿನವರು ಇದನ್ನು ನಮ್ಮ ದೇಶಕ್ಕೆ ಕಳಿಸೋದು ಇಲ್ಲಿ ಕೈಗಳು ಅಗ್ಗ ಅಂತ. 120 ಫ್ರೇಮಿನ ಒಂದು ಶಾಟನ್ನು ಮೂರು ರಾತ್ರಿ ಕೂತು ಮುಗಿಸಿದ್ದೆವು. ನಾಲ್ಕನೇ ರಾತ್ರಿ ಎಡಿಟು ಬದಲಾಯಿತು ಅಂತ ಬಂತು. ಶಾಟಿನ ಮುಂಭಾಗದಲ್ಲಿ ಹತ್ತು ಫ್ರೇಮು ಸೇರಿಸಿದ್ದಾರೆ. ಹೊಸ ಶಾಟಿಗೆ ಮತ್ತೆ 1001ರಿಂದಲೇ ನಂಬರು, 1130ರವರೆಗೆ. ಅಂದರೆ ಹಳೇ 1001 ಈಗ 1011 ಆಗಿದೆ. ನಾವು ಎಳೆದ ಗೆರೆಗಳು ಹಳೇ ನಂಬರಿನಲ್ಲೇ ನಿಂತಿವೆ. ಚಿತ್ರದಲ್ಲಿ ಕೈ ಒಂದು ಕಡೆ, ನಮ್ಮ ಗೆರೆ ಇನ್ನೊಂದು ಕಡೆ.

ನಮ್ಮ ಲೀಡು ಬಂದು ಹೇಳಿದ: "ಎಲ್ಲಾ ಮತ್ತೆ ಮಾಡ್ರಿ. ಬೆಳಗ್ಗೆ ಹೋಗ್ಬೇಕು."

ನಮ್ಮ ಜೊತೆ ರಾಯಚೂರು ಕಡೆಯ ಒಬ್ಬಳು ಹುಡುಗಿ ಇದ್ದಳು. ಅವಳು ಕೇಳಿದಳು: "ಸರ್, ಚಿತ್ರ ಅವೇ ಅದಾವಲ್ರಿ. ಹತ್ತು ಮುಂದ ಸರದಾವ ಅಷ್ಟ. ನಾವು ಎಳದಿದ್ದನ್ನೂ ಹತ್ತು ಮುಂದ ಸರಸಿದ್ರ ಆಗಂಗಿಲ್ಲೇನ್ರಿ?"

"ಅದೆಲ್ಲ ಕಂಪ್‌ನವರ ನೋಡು. ರೋಟೊದವರಿಗೆ ಯಾಕೆ? ಹೇಳಿದ್ದು ಮಾಡಿ."

ಗೆಳೆಯರೇ, ಈ ಮಾತನ್ನು ಎರಡು ಸಲ ಓದಿ. ಅವನಿಗೆ ಅದು ಗೊತ್ತಿತ್ತು. ಆ ನೋಡು ನಮ್ಮೆಲ್ಲರ ಕಂಪ್ಯೂಟರಿನಲ್ಲೂ ಇತ್ತು. ಬೀಗ ಇದ್ದದ್ದು ಬಾಯಿಗೆ.

ಅವಳು ಸುಮ್ಮನಾಗಲಿಲ್ಲ. ಅವನು ಆಚೆ ಹೋದಮೇಲೆ ರೋಟೊ ನೋಡಿನ ಕೆಳಗೆ ಟೈಮ್‌ಆಫ್‌ಸೆಟ್ ಹಾಕಿ ಹತ್ತು ಅಂತ ಬರೆದಳು. ಸರಿಹೋಗಲಿಲ್ಲ. ಗೆರೆಯ ಜೊತೆ ಚಿತ್ರವೂ ಹತ್ತು ಮುಂದೆ ಹೋಗಿ ಅದೇ ಅಂತರ ಹಾಗೇ ಉಳಿಯಿತು. ಚಿತ್ರ ಆ ರೋಟೊ ನೋಡಿನ ಮೂಲಕವೇ ಹರಿದು ಬರುತ್ತಿತ್ತು. ಕೆಳಗೆ ಸರಿಸಿದರೆ ಮೇಲಿರೋ ಇಬ್ಬರೂ ಸರಿಯುತ್ತಾರೆ. ಅವಳು ಸ್ವಲ್ಪ ಹೊತ್ತು ಗಲ್ಲಕ್ಕೆ ಕೈಕೊಟ್ಟು ಕೂತಳು. ಆಮೇಲೆ ತಂತಿ ಕಿತ್ತು ರೋಟೊವನ್ನು ಬೇರೆ ಕವಲು ಮಾಡಿದಳು. ಆ ಕವಲಿನಲ್ಲಿ ಮಾತ್ರ ಹತ್ತು ಸರಿಸಿ, ಅದನ್ನು ತಂದು ಹೊಸ ಚಿತ್ರಕ್ಕೆ ಕೂಡಿಸಿದಳು. 1011ರಿಂದ 1130ರವರೆಗೆ ಪ್ರತಿಯೊಂದು ಬೆರಳೂ ತನ್ನ ಗೆರೆಯೊಳಗೆ ಬಂದು ಕೂತಿತು. ಹೊಸದಾಗಿ ಎಳೆಯೋದು ಉಳಿದದ್ದು 1001ರಿಂದ 1010ರವರೆಗೆ ಹತ್ತೇ ಫ್ರೇಮು. ಊಟದ ಹೊತ್ತು ಮೀರೋದರೊಳಗೆ ಮುಗಿಯಿತು. ಆರು ಜನರ ಇಡೀ ರಾತ್ರಿ ಉಳಿಯಿತು.

ತಾತನ ತೂಬಿನಲ್ಲೂ ಇದೇ ಇತ್ತು. ದೊಡ್ಡ ತೂಬಿನಲ್ಲಿ ಹೊತ್ತು ಬದಲಾಯಿಸಿದರೆ ಎಲ್ಲರ ಗದ್ದೆಗೂ ಬದಲಾಗುತ್ತೆ. ಮರಿಕಾಲುವೆಯ ಮಡೆಯಲ್ಲಿ ಬದಲಾಯಿಸಿದರೆ ಆ ಒಂದು ಗದ್ದೆಗೆ ಮಾತ್ರ. ಎಷ್ಟು ಸರಿಸಬೇಕು ಅನ್ನೋದು ಅರ್ಧ ಲೆಕ್ಕ. ಎಲ್ಲಿ ನಿಂತು ಸರಿಸಬೇಕು ಅನ್ನೋದು ಉಳಿದರ್ಧ. ಆ ಉಳಿದರ್ಧವನ್ನೇ ನಮಗೆ ಯಾರೂ ಹೇಳೋದಿಲ್ಲ.

ಬೆಳಗ್ಗೆ ಲಂಡನ್ನಿಗೆ ಹೋದ ಮೇಲಿನಲ್ಲಿ ಅವಳ ಹೆಸರು ಇರಲಿಲ್ಲ. ಸಿನಿಮಾದ ಕೊನೆಯಲ್ಲಿ ಓಡೋ ಹೆಸರುಗಳಲ್ಲೂ ನಮ್ಮ ಯಾರ ಹೆಸರೂ ಇರಲಿಲ್ಲ. ಅದಕ್ಕಿಂತ ನನಗೆ ನೋವಾದದ್ದು ಇನ್ನೊಂದಕ್ಕೆ. ಅದಕ್ಕೂ ಮುಂಚೆ ಎಷ್ಟು ಶಾಟು ಹೀಗೆ ಹತ್ತು, ಎಂಟು, ಹನ್ನೆರಡು ಅಂತ ಸರಿದಿದ್ದವು? ಅವಕ್ಕೆಲ್ಲ ಯಾರ ಯಾರ ರಾತ್ರಿಗಳು ಹೋದವು? ಒಂದು ಅಂಕಿ ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಕೈಗೆ ಕೆಲಸ ಇರಲಿ, ತಲೆಗೆ ಬೇಡ ಅನ್ನೋದು ಈ ದೇಶದಲ್ಲಿ ಬಲು ಹಳೇ ಕಟ್ಟಳೆ. ಅದು ಏಸಿ ಹಾಕಿದ ಕೋಣೆಯಲ್ಲೂ ನಡೀತಾ ಇದೆ.

ಈಗ ಕೈಯ ಕೆಲಸಕ್ಕೂ ಕುತ್ತು ಬಂದಿದೆ. 2021ರಲ್ಲಿ ಬಂದ ನ್ಯೂಕ್ 13ರಲ್ಲಿ ಕಾಪಿಕ್ಯಾಟ್ ಅನ್ನೋ ನೋಡು ಇದೆ. ಕೆಲವೇ ಫ್ರೇಮನ್ನು ನಾವು ಮಾಡಿಕೊಟ್ಟರೆ ಮಿಕ್ಕದ್ದನ್ನು ಅದು ನೋಡಿ ಕಲಿತು ಮಾಡೋಕೆ ಹೊರಡುತ್ತೆ. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಅನ್ನೋ ದೊಡ್ಡ ಕಂಪನಿ ಕುಸಿದಾಗ ಬೆಂಗಳೂರಿನ ಅದರ ಕಚೇರಿಯೂ ಮುಚ್ಚಿತು. ನಮ್ಮ ದೇಶದಲ್ಲೇ ಸಾವಿರಾರು ಜನ ಕೆಲಸ ಕಳೆದುಕೊಂಡರು. ಗೆರೆ ಎಳೆಯೋದು ಮಾತ್ರ ಬಲ್ಲವನಿಗೆ ಮುಂದಿನ ಬಾಗಿಲು ಕಷ್ಟ. ಯಾವುದನ್ನು ಯಾವುದಕ್ಕೆ, ಎಲ್ಲಿ, ಯಾಕೆ ಕೂಡಿಸಬೇಕು ಅಂತ ಬಲ್ಲವನಿಗೆ ಇನ್ನೂ ಒಂದು ಬಾಗಿಲಿದೆ. ಆ ಬಾಗಿಲಿಗೆ ಬೇಕಾದ ವಿದ್ಯೆಯನ್ನೇ ಬಚ್ಚಿಟ್ಟರೆ ಅದು ಹೊಟ್ಟೆಯ ಪ್ರಶ್ನೆ.

ಹಳ್ಳಿಯ ಮೇಷ್ಟ್ರುಗಳಿಗೆ ನನ್ನದೊಂದು ಮಾತು. ಇದನ್ನು ಶುರು ಮಾಡೋಕೆ ದುಡ್ಡು ಬೇಡ. ನ್ಯೂಕಿನದೇ ಒಂದು ಆವೃತ್ತಿ ಕಲಿಯೋರಿಗೆ ಉಚಿತ. ನ್ಯಾಟ್ರಾನ್ ಅನ್ನೋದು ಪೂರ್ತಿ ಉಚಿತ, ಇದೇ ಥರ ನೋಡುಗಳದ್ದು. ಅದೂ ಬೇಡ ಅಂದರೆ ಎರಡು ಫೋನು ಸಾಕು. ಇಬ್ಬರು ಮಕ್ಕಳ ಕೈಗೆ ಕೊಡಿ. ಒಬ್ಬ ಮೊದಲೇ ಶುರು ಮಾಡಲಿ, ಇನ್ನೊಬ್ಬಳು ತಡವಾಗಿ. ನಡುವೆ ಒಮ್ಮೆ ಚಪ್ಪಾಳೆ ತಟ್ಟಿ. ಆಮೇಲೆ ಎರಡರಲ್ಲೂ ಅಂಗೈ ಅಂಗೈಗೆ ತಾಗಿದ ಫ್ರೇಮು ಎಷ್ಟನೆಯದು ಅಂತ ಎಣಿಸಿ ಹೇಳೋಕೆ ಹೇಳಿ. ಒಂದರಲ್ಲಿ 212, ಇನ್ನೊಂದರಲ್ಲಿ 87 ಅಂತ ಬಂದರೆ ಕಪ್ಪುಹಲಗೆ ಮೇಲೆ ಕಳೆಯೋಕೆ ಹೇಳಿ. ತಡವಾಗಿ ಶುರು ಮಾಡಿದವಳ ಕ್ಲಿಪ್ಪನ್ನು 125 ಸರಿಸಬೇಕು. ಹಿಂದಿನ ಬೆಂಚಿನ ಮಗುವಿಗೂ ಇದು ಗೊತ್ತಾಗುತ್ತೆ.

ಆ ಮಕ್ಕಳಲ್ಲಿ ಯಾರಾದರೂ ನಾಳೆ ಬೆಂಗಳೂರಿಗೆ ಬಂದು, ಇದು ನಿನಗೆ ಯಾಕೆ ಅಂತ ಕೇಳಿಸಿಕೊಂಡರೆ, ನಮ್ಮ ಶಾಲೆಯಲ್ಲೇ ಮಾಡಿದ್ದೀವಿ ಸರ್ ಅಂತ ಹೇಳಲಿ.